ನೆಗಡಿ ಮಾತ್ರೆ

"ಅತ್ತಿಗೆ, ಬೆಳಗಿನಿಂದ ಇವರಿಗೆ ಇದು ಮೂರನೇ ಸಲ ವಾಂತಿ," ಎಂದಳು ದರ್ಜಿಯ ಹೆಂಡತಿ, ಔಷಧಿ ಅಂಗಡಿಯ ಕೌಂಟರಿನ ಮುಂದಿದ್ದ ಮೂವರನ್ನು ಪಕ್ಕಕ್ಕೆ ಸರಿಸಿ. ಓಡುತ್ತಲೇ ಬಂದಿದ್ದಳು. ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಅದನ್ನು ಕಾಲ್ಬೆರಳುಗಳಲ್ಲೇ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಕೌಂಟರಿನ ಹಿಂದಿದ್ದ ಅಕ್ಕ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡಲಿಲ್ಲ. ಹತ್ತು ಮಾತ್ರೆಯ ಪಟ್ಟಿಯಿಂದ ನಾಲ್ಕನ್ನು ಕತ್ತರಿಸಿ, ಕಾಗದದ ಪೊಟ್ಟಣಕ್ಕೆ ಹಾಕಿ, ಎದುರಿದ್ದ ಮುದುಕನ ಕೈಗಿಟ್ಟು, "ಊಟ ಆದ್ಮೇಲೆ, ಬರೀ ಹೊಟ್ಟೆಗೆ ಬೇಡ" ಎಂದು ಎರಡು ಸಲ ಹೇಳಿದ ಮೇಲೆಯೇ ತಮ್ಮನ ಹೆಂಡತಿಯ ಕಡೆ ತಿರುಗಿದಳು.

"ಏನು ತಿಂದಿದ್ದ?"

"ತಿನ್ನೋದಿರಲಿ, ಚಹಾನೂ ಕುಡಿದಿಲ್ಲ. ಎಡಗಡೆ ತಲೆ ಒಡೆದುಹೋಗ್ತಿದೆ ಅಂತಾರೆ. ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತಂತೆ. ಬೆಳ್ಳಂಬೆಳಗ್ಗೆ ದೀಪ ಯಾಕೆ ನೋಡ್ತಾ ಕೂತಿದ್ದೀರಿ ಅಂತ ಬೈದೆ."

"ಅರೆತಲೆನೋವು," ಎಂದಳು ಅಕ್ಕ. "ನಮ್ಮಮ್ಮನಿಗೂ ಹೀಗೇ ಬರ್ತಿತ್ತು. ಕತ್ತಲೆ ಕೋಣೇಲಿ ಮಲಗಿಸಿದ್ರೆ ಸಂಜೆ ಹೊತ್ತಿಗೆ ಎದ್ದು ಕೂತು ನಮಗೆಲ್ಲ ಬೈಯೋಕೆ ಶುರು ಮಾಡ್ತಿದ್ಲು."

ಕಾಯುತ್ತಿದ್ದವರು ನಕ್ಕರು. ದರ್ಜಿಯ ಹೆಂಡತಿಗೂ ಅರ್ಧ ಧೈರ್ಯ ಬಂತು. ಅಕ್ಕ ಹಿಂದಿನ ಕಪಾಟಿನಿಂದ ವಾಂತಿಯ ಮಾತ್ರೆ ತೆಗೆದುಕೊಟ್ಟಳು.

"ಇದು ಈಗ. ಒಂದು ಗಂಟೆ ಬಿಟ್ಟು, ಮನೇಲಿ ನಾನು ಕೊಟ್ಟಿರೋ ನಿದ್ದೆ ಮಾತ್ರೆ ಇದೆಯಲ್ಲ, ಅದನ್ನೇ ಒಂದು ಕೊಡು. ಸಂಜೆ ಇನ್ನೊಂದು. ಪರದೆ ಎಳೆದು ಮಲಗಿಸು. ನಿದ್ದೆ ಹತ್ತಿದ್ರೆ ಅರ್ಧ ಕಾಯಿಲೆ ಹೋದ ಹಾಗೆ."

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಆ ಹೆಸರಿಗೆ ನಿಜವಾದ ಹಕ್ಕಿದ್ದವನು ದರ್ಜಿ ಒಬ್ಬನೇ. ಇಪ್ಪತ್ತಾರು ವರ್ಷದಿಂದ ಅವಳು ಆ ಕೌಂಟರಿನ ಹಿಂದೆ ನಿಂತಿದ್ದಳು. ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಬಿಟ್ಟಿದ್ದ ಸರ್ಟಿಫಿಕೇಟು ಮಾಲೀಕನ ಅಳಿಯನದು. ಆ ಅಳಿಯ ಬೇರೆ ಊರಿನಲ್ಲಿದ್ದ. ವರ್ಷಕ್ಕೆ ಎರಡು ಸಲ ಬಂದು, ಸಹಿ ಹಾಕಿ, ತಲೆಹೊಟ್ಟಿನ ಶ್ಯಾಂಪೂ ತೆಗೆದುಕೊಂಡು ಹೋಗುತ್ತಿದ್ದ. ಅಕ್ಕ ಓದಿದ್ದು ಹತ್ತನೇ ತರಗತಿಯವರೆಗೆ. ಉಳಿದದ್ದನ್ನೆಲ್ಲ ಡಬ್ಬಿಗಳೇ ಕಲಿಸಿದ್ದವು.

ಆದರೆ ಅವಳು ಉಡಾಫೆಯವಳಲ್ಲ. ವೈದ್ಯರ ಚೀಟಿ ಇಲ್ಲದೆ ನಿದ್ರೆಮಾತ್ರೆಯನ್ನು ಯಾರಿಗೂ ಕೊಟ್ಟವಳಲ್ಲ. ಮಾಲೀಕನ ಹೆಂಡತಿಯೇ ಬಂದು ಕೇಳಿದಾಗಲೂ "ಚೀಟಿ ತನ್ನಿ" ಎಂದಿದ್ದಳು. ನಿದ್ದೆ ಬಾರದೆ ಬಂದವರಿಗೆ ಅವಳು ಕೊಡುತ್ತಿದ್ದದ್ದು ಹಳೆಯ ಕಾಲದ ನೆಗಡಿ ಮಾತ್ರೆ: ಮೂಗು ಕಟ್ಟುವುದು ನಿಲ್ಲುತ್ತದೆ, ಜೊತೆಗೆ ಕಣ್ಣು ಎಳೆಯುತ್ತದೆ. ಅದಕ್ಕೆ ಚೀಟಿ ಬೇಕಿಲ್ಲ. ಕೊಡುವ ಮೊದಲು ಮೂರು ಪ್ರಶ್ನೆ ಕೇಳುತ್ತಿದ್ದಳು: ಬಿಪಿ ಇದೆಯಾ, ಶುಗರ್ ಇದೆಯಾ, ಹಾರ್ಟ್ ಇದೆಯಾ. ಮೂರಕ್ಕೂ ಇಲ್ಲ ಎಂದರೆ ಕತ್ತರಿ ಕೈಗೆ ಬರುತ್ತಿತ್ತು. ಇಪ್ಪತ್ತು ಪಟ್ಟಿಯ ಡಬ್ಬಿಗೆ ವಿವರದ ಕಾಗದ ಒಂದೇ ಒಂದು ಬರುತ್ತಿತ್ತು, ಇರುವೆ ಸಾಲಿನಂಥ ಅಕ್ಷರಗಳದ್ದು. ಅದನ್ನು ಯಾರಿಗೆ ಅಂತ ಕೊಡುವುದು? ಉಂಡೆ ಮಾಡಿ ಕೌಂಟರಿನ ಗಾಜು ಒರೆಸುತ್ತಿದ್ದಳು. ಗಾಜು ಚೆನ್ನಾಗಿ ಹೊಳೆಯುತ್ತಿತ್ತು.

ದರ್ಜಿ ಬಂದದ್ದು ಒಂಬತ್ತು ದಿನದ ಹಿಂದೆ, ಮಧ್ಯಾಹ್ನ ಮೂರರ ಹೊತ್ತಿಗೆ, ಅಂಗಡಿಯಲ್ಲಿ ನೊಣವೂ ಇಲ್ಲದಿದ್ದಾಗ. ಕುತ್ತಿಗೆಗೆ ಅಳತೆಪಟ್ಟಿ ಹಾಗೇ ಇತ್ತು. ಅವನು ಹೊಲಿಯುತ್ತಿದ್ದದ್ದು ವಕೀಲರ ಕೋಟುಗಳನ್ನು. ಕಪ್ಪು ಬಟ್ಟೆಗೆ ಕಪ್ಪು ದಾರ. ಕೋರ್ಟಿನ ಎದುರಿನ ಬೀದಿಯಲ್ಲಿ ಅವನ ಹೊಲಿಗೆಯ ನೇರವನ್ನು ನೋಡಿ 'ಗೆರೆ ಮಾಸ್ಟರ್' ಎಂದು ಹೆಸರಿಟ್ಟಿದ್ದರು. ಕೋರ್ಟಿನ ರಜೆ ಮುಗಿಯಲು ಇನ್ನು ಮೂರು ವಾರವಿತ್ತು, ಅಷ್ಟರೊಳಗೆ ಕೋಟುಗಳೆಲ್ಲ ಮುಗಿಯಬೇಕಿತ್ತು.

"ಅಕ್ಕಾ, ನಿದ್ದೆ ಬರ್ತಿಲ್ಲ ಕಣೆ."

"ಊರಿನ ವಕೀಲರ ಸೊಂಟದ ಅಳತೆಯೆಲ್ಲ ತಲೇಲಿ ಇಟ್ಕೊಂಡ್ರೆ ನಿದ್ದೆಗೆ ಜಾಗ ಎಲ್ಲಿರುತ್ತೆ? ಎಷ್ಟು ದಿನದಿಂದ?"

"ತಿಂಗಳು ಮೇಲಾಯ್ತು."

"ಏನಾದ್ರೂ ಯೋಚನೆ ಹಚ್ಕೊಂಡಿದ್ದೀಯಾ?"

"ನನಗೇನು ಯೋಚನೆ."

"ಬಿಪಿ ಇದೆಯಾ?"

"ಇಲ್ಲ."

"ಶುಗರ್?"

"ಇಲ್ಲ."

"ಹಾರ್ಟು?"

"ಅದಿದ್ದಿದ್ರೆ ಇಷ್ಟು ವರ್ಷ ನಿನ್ನ ತಮ್ಮನಾಗಿ ಬದುಕಿರ್ತಿದ್ನಾ?"

ಅವಳು ನಗುತ್ತಲೇ ಒಂದಿಡೀ ಪಟ್ಟಿ ಕೊಟ್ಟು, ಅದರ ಮೇಲೆ ಇನ್ನೊಂದನ್ನೂ ಇಟ್ಟಳು. ಅವನು ಎರಡನ್ನೂ ಕೈಯಲ್ಲಿ ತಿರುಗಿಸಿ ನೋಡಿದ. ಹೊರಡಲಿಲ್ಲ.

"ಇದರಿಂದ ಬೇರೆ ಏನಕ್ಕೂ ತೊಂದರೆ ಇಲ್ಲ ತಾನೆ?"

"ಬೇರೆ ಏನಕ್ಕೆ?"

ಅವನು ಬೀದಿಯ ಕಡೆ ನೋಡಿದ. "ಸುಮ್ನೆ ಕೇಳ್ದೆ."

"ನೆಗಡಿ ಮಾತ್ರೆ ಕಣೋ. ನಿನ್ನ ಮೂಗಿಗೆ ಒಳ್ಳೇದೇ ಆಗುತ್ತೆ, ಹೋಗು."

ವಾಂತಿಯ ಮಾರನೆಯ ದಿನ, ಮಂಗಳವಾರ, ಅಕ್ಕ ಮಧ್ಯಾಹ್ನ ಫೋನು ಮಾಡಿದಳು. ಮಲಗಿದ್ದಾರೆ ಎಂದಳು ತಮ್ಮನ ಹೆಂಡತಿ. ಸಂಜೆ ಮಾಡಿದಾಗಲೂ ಮಲಗಿದ್ದಾರೆ ಎಂದಳು. "ನೋಡು, ನಾನು ಹೇಳಲಿಲ್ವಾ?" ಎಂದು ಅಕ್ಕ ಫೋನಿಟ್ಟಳು. ಅಷ್ಟು ಹೊತ್ತಿಗೆ, ಆ ಎರಡೇ ದಿನದಲ್ಲಿ, ಅವನ ಹೊಟ್ಟೆಗೆ ಇನ್ನೂ ನಾಲ್ಕು ನಿದ್ದೆ ಮಾತ್ರೆ ಹೋಗಿದ್ದವು. ಬುಧವಾರ ಬೆಳಗ್ಗೆ ಮಾತ್ರ, ಯಾಕೋ ಮನಸ್ಸು ತಡೆಯದೆ, ಅಂಗಡಿಯ ಬೀಗ ತೆಗೆಯುವ ಮೊದಲು ಅವನ ಮನೆಯ ಕಡೆ ನಡೆದಳು.

ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಮುಗಿದ ಕೋಟುಗಳು ಬಿಳಿ ಬಟ್ಟೆ ಹೊದ್ದು ಮೆಟ್ಟಿಲ ಪಕ್ಕದ ಕೊಳವೆಗೆ ಸಾಲಾಗಿ ತೂಗುಬಿದ್ದಿದ್ದವು. ಕೋಣೆಯಲ್ಲಿ ಪರದೆ ಎಳೆದಿತ್ತು, ಹುಳಿ ವಾಸನೆ. ದರ್ಜಿ ಗೋಡೆಯ ಕಡೆ ಮುಖ ಮಾಡಿ, ಒದ್ದೆ ಟವೆಲನ್ನು ಕಣ್ಣ ಮೇಲೆ ಹಾಕಿಕೊಂಡು ಮಲಗಿದ್ದ. ನಿದ್ದೆ ಮಾಡುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದ.

ಅಕ್ಕ ಪರದೆ ಸರಿಸಿ ಟವೆಲು ತೆಗೆದಳು. ಎಡಗಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಕಪ್ಪುಗುಡ್ಡೆಯ ಮೇಲೆ ಬಚ್ಚಲಿನ ಕನ್ನಡಿಯ ಮೇಲಿರುವಂಥ ಮಂಕು ಹಬೆ. ಕಿಟಕಿಯ ಬೆಳಕು ಬಿದ್ದಾಗ ಬಲಗಣ್ಣಿನ ಪಾಪೆ ಕುಗ್ಗಿತು. ಎಡಗಣ್ಣಿನದು ಅಗಲವಾಗಿ ತೆರೆದುಕೊಂಡೇ ಇತ್ತು, ಕುಗ್ಗಲಿಲ್ಲ.

"ಬಲಗಣ್ಣು ಮುಚ್ಚು. ನನ್ನ ಮುಖ ಕಾಣುತ್ತಾ?"

"ಹೊಗೆ ಕಾಣುತ್ತೆ," ಎಂದ ದರ್ಜಿ.

ಇದು ಅರೆತಲೆನೋವಲ್ಲ ಎನ್ನುವುದು ಗೊತ್ತಾಗಲು ಹತ್ತನೇ ತರಗತಿಯೂ ಬೇಕಿರಲಿಲ್ಲ.

ಬಾಡಿಗೆ ಕಾರಿನಲ್ಲಿ ಅವಳು ಮುಂದೆ ಕೂತಳು, ಗಂಡ ಹೆಂಡತಿ ಹಿಂದೆ. ಯಾವ ಆಸ್ಪತ್ರೆ ಎಂದು ಡ್ರೈವರ್ ಕೇಳಿದ. ಅಕ್ಕ ಇನ್ನೂ ಯೋಚಿಸುತ್ತಿರುವಾಗಲೇ ಹಿಂದಿನಿಂದ ದರ್ಜಿ ಹೇಳಿದ: "ಸೇತುವೆ ದಾಟಿ ಎರಡನೇ ಎಡಕ್ಕೆ. ಮುಂದಿನ ಗೇಟು ಬೇಡ, ಅಲ್ಲಿ ನಿಲ್ಲಿಸೋಕೆ ಬಿಡಲ್ಲ. ಹಿಂದಿನ ಗೇಟಿಗೆ ಹೋಗಿ." ಎರಡೂ ಕಣ್ಣು ಮುಚ್ಚಿಕೊಂಡೇ ಹೇಳಿದ್ದ. ಅಕ್ಕ ಹಿಂದಕ್ಕೆ ತಿರುಗಿ ನೋಡಿದಳು. ಹೆಂಡತಿ ಅವನ ಬೆನ್ನು ಸವರುತ್ತಿದ್ದಳು. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಿಸಿದಂತಿರಲಿಲ್ಲ.

ಕಣ್ಣಾಸ್ಪತ್ರೆಯ ನೋಂದಣಿ ಕಿಟಕಿಯಲ್ಲಿದ್ದವಳು "ಹೊಸಬರಾ, ಹಳಬರಾ?" ಎಂದು ಕೇಳಿದಳು. ಹೊಸಬರು ಎಂದು ಅಕ್ಕ ಬಾಯಿ ತೆರೆಯುವಷ್ಟರಲ್ಲಿ ದರ್ಜಿ ಅಂಗಿಯೊಳಗೆ ಕೈ ಹಾಕಿದ. ಎದೆಯ ಎಡಭಾಗದಲ್ಲಿ, ಹೊರಗಿನಿಂದ ಹೊಲಿಗೆಯೇ ಕಾಣದ ಹಾಗೆ, ಅವನೇ ಹೊಲಿದುಕೊಂಡಿದ್ದ ಒಂದು ಒಳಜೇಬು. ಅದರಿಂದ ಮಡಿಸಿ ಮಡಿಸಿ ಅಂಚು ಸವೆದ ಕಾರ್ಡು ಹೊರಬಂತು. ಹನ್ನೊಂದು ತಿಂಗಳ ಹಳೆಯ ಕಾರ್ಡು.

"ಏನ್ರೀ ಇದು?" ಎಂದಳು ಹೆಂಡತಿ.

ನರ್ಸು ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಕಣ್ಣಿನ ಒತ್ತಡ ಇಪ್ಪತ್ತೊಂದರ ಒಳಗಿರಬೇಕು. ದರ್ಜಿಯ ಎಡಗಣ್ಣಿನಲ್ಲಿ ಐವತ್ತೆಂಟು ಇತ್ತು. ನರಕ್ಕೆ ಸೂಜಿ ಚುಚ್ಚಿ ಔಷಧಿ ಇಳಿಯಬಿಟ್ಟರು. ಐದೈದು ನಿಮಿಷಕ್ಕೆ ಒಂದೊಂದು ಹನಿ ಹಾಕಿದರು. ಆ ನಡುವೆ ವೈದ್ಯೆ ಕಾರ್ಡನ್ನು ತಿರುವಿ ನೋಡುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಮಾತಿನಲ್ಲಿ ಒಂದು ಅಕ್ಷರವನ್ನೂ ಪೋಲು ಮಾಡುವವಳಲ್ಲ.

"ಬಲಗಣ್ಣಿಗೆ ಲೇಸರ್ ಮಾಡಿ ಒಂಬತ್ತು ತಿಂಗಳಾಯ್ತು. ಎಡಗಣ್ಣಿಗೆ ಮೂರು ಸಲ ದಿನ ಕೊಟ್ಟಿದ್ದೆ. ಮೂರು ಸಲಾನೂ ಬರಲಿಲ್ಲ."

"ಕೋಟುಗಳು ಇದ್ವು ಮೇಡಂ," ಎಂದ ದರ್ಜಿ. "ಮೊದಲನೇ ಸಲ ಮಾಡಿದಾಗ ಎರಡು ದಿನ ದಾರ ಸರಿಯಾಗಿ ಕಾಣಲಿಲ್ಲ. ಗಿರಾಕಿಗಳಿಗೆ ಗೊತ್ತಾದ್ರೆ... ಕಣ್ಣು ಹೋಗ್ತಿರೋ ದರ್ಜಿ ಹತ್ರ ಬಟ್ಟೆ ಯಾರು ಕೊಡ್ತಾರೆ?"

"ಲೈನಿಂಗ್ ಬಟ್ಟೆ ತರೋಕೆ ಹೋಗ್ತೀನಿ ಅಂತ ಹೋಗಿದ್ದು ಇಲ್ಲಿಗಾ?" ಹೆಂಡತಿ ಗೋಡೆಗೆ ಒರಗಿದಳು. "ಬರಿಗೈಲಿ ಬಂದಿದ್ರಿ. ಒಳ್ಳೇ ಬಣ್ಣ ಸಿಗಲಿಲ್ಲ ಅಂದ್ರಿ. ನಾನು ನಂಬಿದೆ."

ವೈದ್ಯೆ ಆ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ಹೆಂಗಸರಿಬ್ಬರಿಗೂ ತಿಳಿಯುವ ಹಾಗೆ ಹೇಳಿದಳು. ಕಣ್ಣಿನೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಒಂದು ಸಣ್ಣ ಸಂದಿನಿಂದ ಹರಿದು ಹೋಗುತ್ತಲೇ ಇರುತ್ತದೆ. ಇವರದ್ದು ಹುಟ್ಟಿನಿಂದಲೇ ಕಿರಿದಾದ ಸಂದು. ಕತ್ತಲೆಯಿಂದಲೋ ಔಷಧಿಯಿಂದಲೋ ಪಾಪೆ ಅಗಲವಾದರೆ ಅದರ ಸುತ್ತಲಿನ ಪರದೆ ಮಡಿಕೆ ಬಿದ್ದು ಸಂದು ಮುಚ್ಚಿಹೋಗುತ್ತದೆ. ಬಲಗಣ್ಣಿನಲ್ಲಿ ಲೇಸರಿನಿಂದ ಮಾಡಿದ ಸೂಜಿಮೊನೆಯಷ್ಟು ತೂತಿದೆ, ನೀರಿಗೆ ಬೇರೆ ದಾರಿಯಿದೆ. ಎಡಗಣ್ಣಿನಲ್ಲಿ ಅದಿಲ್ಲ.

"ಪಾಪೆ ಅಗಲ ಮಾಡೋ ಮಾತ್ರೆ ಏನಾದ್ರೂ ತಗೊಂಡ್ರಾ? ನೆಗಡಿಗೆ, ನಿದ್ದೆಗೆ, ಹೊಟ್ಟೆನೋವಿಗೆ?"

ಅಕ್ಕ ಮಾತ್ರೆಯ ಹೆಸರು ಹೇಳಿದಳು. ಪಟ್ಟಿಯ ಮೇಲೆ ದೊಡ್ಡದಾಗಿ ಬರೆದಿರುವ ಹೆಸರಲ್ಲ, ಅದರ ಕೆಳಗೆ ಸಣ್ಣದಾಗಿರುವ ಔಷಧದ ಹೆಸರು. ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಕೊನೆಯ ಎರಡು ದಿನ ಎಷ್ಟೆಷ್ಟು ಹೊತ್ತಿಗೆ, ಎಲ್ಲ ಹೇಳಿದಳು. ಕತ್ತಲೆ ಕೋಣೆಯ ವಿಷಯವನ್ನೂ ಹೇಳಿದಳು. ವೈದ್ಯೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ನೀವು?"

"ಅಕ್ಕ."

"ಈ ಮಾತ್ರೆ ಕೊಟ್ಟೋರು ಯಾರು?"

ಔಷಧಿಯ ಬಾಟಲಿಯಿಂದ ಹನಿ ಇಳಿಯುತ್ತಿತ್ತು. ಹೆಂಡತಿಯೇ ಹೇಳಿಬಿಡಬಹುದಿತ್ತು, ಆದರೆ ಅವಳಿಗೆ ಗೊತ್ತಿದ್ದದ್ದು ಅತ್ತಿಗೆ ಕೊಟ್ಟ ಮಾತ್ರೆ ನಿದ್ದೆಯದ್ದು, ಅತ್ತಿಗೆ ಈಗ ಹೇಳಿದ್ದು ಯಾವುದೋ ಉದ್ದದ ಹೆಸರು. ಇವೆರಡೂ ಒಂದೇ ಎಂದು ಅವಳು ಇನ್ನೂ ಜೋಡಿಸಿಕೊಂಡಿರಲಿಲ್ಲ.

"ಮಾರ್ಕೆಟ್ ಹಿಂದೆ ಹೊಸ ಮೆಡಿಕಲ್ ಶಾಪ್ ಇದೆಯಲ್ಲ," ಎಂದ ದರ್ಜಿ ಕಣ್ಣು ಮುಚ್ಚಿಕೊಂಡೇ. "ಅಲ್ಲಿ. ನೆಗಡಿ ಅಂತ ನಾನೇ ಕೇಳಿ ತಗೊಂಡೆ. ಅಕ್ಕ ಕೊಟ್ಟಿದ್ದು ಬೇರೆ. ಅದರ ಜೊತೆ ಇದನ್ನೂ ನುಂಗಿದೆ."

ಅಕ್ಕ ಬಾಯಿ ತೆರೆದಳು. ಬೇಕಾದ ಮಾತು ಮೂರೇ ಮೂರು: ನಾನು ಕೊಟ್ಟಿದ್ದು ಅದು. ಚಿಕಿತ್ಸೆಗೆ ಬೇಕಾದದ್ದನ್ನೆಲ್ಲ ಹೇಳಿಯಾಗಿದೆ, ಯಾರು ಕೊಟ್ಟರೆ ಕಣ್ಣಿಗೇನು ವ್ಯತ್ಯಾಸ ಎಂದು ಒಳಗಿನಿಂದ ಯಾರೋ ಅಂದ ಹಾಗಾಯಿತು. ವೈದ್ಯೆ ಕಾರ್ಡಿನಲ್ಲಿ ಏನೋ ಬರೆದು ಸಹಿ ಹಾಕಿದಳು. ನರ್ಸು ಮುಂದಿನ ಹನಿ ಹಾಕಲು ಬಂದಳು. ಅಕ್ಕ ಬಾಯಿ ಮುಚ್ಚಿದಳು.

ನೋವು ಸಂಜೆಗೆ ಇಳಿಯಿತು. ಮಾರನೆಯ ದಿನ ಹಬೆ ತಿಳಿಯಾದ ಮೇಲೆ ಎಡಗಣ್ಣಿಗೂ ಲೇಸರ್ ಮಾಡಿದರು. ಆದರೆ ಕಣ್ಣಿನ ನರ ಎರಡು ಹಗಲು ಎರಡು ರಾತ್ರಿ ಒತ್ತಡದಲ್ಲಿ ಜಜ್ಜಿಹೋಗಿತ್ತು. ಹತ್ತನೆಯ ದಿನದ ತಪಾಸಣೆಯಲ್ಲಿ ವೈದ್ಯೆ ತನ್ನ ಕೈಯನ್ನು ಅವನ ಎಡಗಣ್ಣಿನ ಮುಂದೆ ಆಡಿಸಿದಳು. ಆಡುತ್ತಿರುವುದು ಗೊತ್ತಾಗುತ್ತದೆ ಎಂದ. ಎಷ್ಟು ಬೆರಳು ಎಂದು ಕೇಳಿದಳು. ಅವನು ಊಹಿಸಿ ಎರಡು ಎಂದ. ಅವಳು ತೋರಿಸುತ್ತಿದ್ದದ್ದು ನಾಲ್ಕು.

"ಇಷ್ಟೇನಾ?" ಎಂದಳು ಹೆಂಡತಿ.

"ಸೋಮವಾರ ಬಂದಿದ್ರೆ ಬೇರೆ ಮಾತು," ಎಂದಳು ವೈದ್ಯೆ.

ಬೀದಿಯಲ್ಲಿ ಸುದ್ದಿ ಹಬ್ಬಿತು. ಹಬ್ಬಿದ ರೀತಿ ಹೀಗೆ: ಹೊಸ ಅಂಗಡಿಯವಳು ಯಾವುದೋ ಮಾತ್ರೆ ಕೊಟ್ಟು ಗೆರೆ ಮಾಸ್ಟರ್ ಕಣ್ಣು ತೆಗೆದಳು, ಅಕ್ಕ ಸಮಯಕ್ಕೆ ಸರಿಯಾಗಿ ಹೋಗಿ ಎತ್ತಿಕೊಂಡು ಓಡದಿದ್ದರೆ ಇನ್ನೊಂದೂ ಹೋಗುತ್ತಿತ್ತು. ದರ್ಜಿಯ ಹೆಂಡತಿಯೇ ಇದನ್ನು ಹೇಳಿಕೊಂಡು ಬಂದಿದ್ದಳು, ಕೃತಜ್ಞತೆಯಿಂದ. ಅಕ್ಕನ ಕೌಂಟರಿನ ಮುಂದೆ ನಿಂತೇ ಹೇಳುತ್ತಿದ್ದಳು. ಗಿರಾಕಿಗಳು ತಲೆದೂಗುತ್ತಿದ್ದರು. "ಓದಿದ ಮಾತ್ರಕ್ಕೆ ಆಗುತ್ತಾ, ಅನುಭವ ಬೇಕು" ಎನ್ನುತ್ತಿದ್ದರು. ಮಾಲೀಕ ಕೂಡ ಒಂದು ದಿನ ಬಂದು ಬೆನ್ನು ತಟ್ಟುವ ಧಾಟಿಯಲ್ಲಿ ನಾಲ್ಕು ಮಾತಾಡಿ ಹೋದ.

ಮೊದಲು ಆ ಹೊಸ ಅಂಗಡಿಯವಳ ಬಗ್ಗೆ ಅತಿ ಹೆಚ್ಚು ಮಾತಾಡಿದ್ದವಳು ಅಕ್ಕನೇ. ಡಿಗ್ರಿ ಮಾಡಿದ ಹುಡುಗಿ, ಗೋಡೆಯ ಮೇಲಿನ ಸರ್ಟಿಫಿಕೇಟು ಅವಳದ್ದೇ. "ಒಂದು ಮಾತ್ರೆ ಕೇಳಿದ್ರೆ ಏಳು ತಲೆಮಾರಿನ ಕಾಯಿಲೆ ಕೇಳಿ ನೋಟ್‌ಬುಕ್ಕಲ್ಲಿ ಬರ್ಕೋತಾಳಂತೆ. ಔಷಧಿ ಅಂಗಡಿನೋ, ಪೊಲೀಸ್ ಠಾಣೆನೋ?" ಎಂದು ಅಕ್ಕ ಹೇಳಿದಾಗಲೆಲ್ಲ ಕೌಂಟರಿನ ಮುಂದೆ ನಗು ಎದ್ದಿತ್ತು. ಈಗ ಅಕ್ಕ ಏನೂ ಹೇಳುತ್ತಿರಲಿಲ್ಲ. ಅದನ್ನು ಜನ ಅವಳ ದೊಡ್ಡತನ ಎಂದುಕೊಂಡರು.

ಒಂದು ಮಧ್ಯಾಹ್ನ ಅವಳು ನೆಗಡಿ ಮಾತ್ರೆಯ ಹೊಸ ಡಬ್ಬಿ ಒಡೆದು, ವಿವರದ ಕಾಗದವನ್ನು ಉಂಡೆ ಮಾಡದೆ ಗಾಜಿನ ಮೇಲೆ ಹರಡಿದಳು. ಓದುವ ಕನ್ನಡಕದ ಮೇಲೆ ಭೂತಗನ್ನಡಿಯನ್ನೂ ಹಿಡಿದಳು. ಹದಿನಾಲ್ಕನೇ ಸಾಲಿನಲ್ಲಿತ್ತು. ಕಣ್ಣಿನ ಒತ್ತಡದ ತೊಂದರೆ ಇರುವವರು, ಮೂತ್ರ ಕಟ್ಟುವ ತೊಂದರೆ ಇರುವವರು, ದಮ್ಮು ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ವಯಸ್ಸಾದವರಲ್ಲಿ ಮಂಪರು, ಬುದ್ಧಿಭ್ರಮೆ, ಬಿದ್ದು ಪೆಟ್ಟಾಗುವ ಅಪಾಯ. ಬೇರೆ ನಿದ್ರಾಜನಕಗಳ ಜೊತೆ, ಮದ್ಯದ ಜೊತೆ ಬೇಡ. ಬಿಪಿ ಕೆಳಗೆಲ್ಲೋ ಇತ್ತು. ಅಕ್ಕನ ಕಣ್ಣಮುಂದೆ ಬೀದಿಯ ಮನೆಗಳು ಒಂದೊಂದಾಗಿ ಬಂದವು. ಬೇಕರಿಯವನ ತಾಯಿ, ದಮ್ಮು. ಮೂಲೆಮನೆಯ ಅಜ್ಜಿ, ಹೋದ ವರ್ಷ ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ವಯಸ್ಸಾಯಿತಲ್ಲ ಎಂದುಕೊಂಡಿದ್ದರು ಎಲ್ಲರೂ.

ಅದೇ ಸಂಜೆ ನಿವೃತ್ತ ಮೇಷ್ಟ್ರು ಎಂದಿನಂತೆ ವಾರದ ಮಾತ್ರೆಗೆ ಬಂದರು. ಅಕ್ಕ ಕತ್ತರಿ ಎತ್ತಲಿಲ್ಲ.

"ಮೇಷ್ಟ್ರೇ, ನಿಮಗೆ ಮೂತ್ರ ಸರಾಗವಾಗಿ ಹೋಗುತ್ತಾ?"

ಮೇಷ್ಟ್ರು ಅಕ್ಕಪಕ್ಕ ನೋಡಿದರು. ಹಿಂದೆ ಇಬ್ಬರು ಹೆಂಗಸರಿದ್ದರು. "ಇದೇನಮ್ಮಾ, ಬೀದೀಲಿ ನಿಂತು ಕೇಳೋ ಮಾತಾ? ಇಡೀ ರಾತ್ರಿ ನಾಲ್ಕು ಸಲ ಏಳ್ತೀನಿ, ನಾಲ್ಕು ಸಲಾನೂ ನಾಲ್ಕು ಹನಿ. ಅದಕ್ಕೇ ತಾನೆ ನಿದ್ದೆಗೆಡೋದು, ಅದಕ್ಕೇ ತಾನೆ ನಿನ್ನ ಹತ್ರ ಬರೋದು?"

"ಹಾಗಿದ್ರೆ ಈ ಮಾತ್ರೆ ನಿಮಗೆ ಆಗಲ್ಲ. ಪೂರಾ ಕಟ್ಟಿಬಿಡುತ್ತೆ. ಡಾಕ್ಟರನ್ನ ನೋಡಿ."

"ಎರಡು ವರ್ಷದಿಂದ ಆಗಿದ್ದು ಈಗ ಆಗಲ್ವಾ?" ಮೇಷ್ಟ್ರ ದನಿ ಏರಿತು. "ಆ ಹೊಸ ಅಂಗಡಿ ಹುಡುಗೀನೂ ಹೀಗೇ ಕೇಳಿದ್ಲು. ಆ ಅಂಗಡಿ ಮರ್ಯಾದಸ್ಥರಿಗಲ್ಲ ಅಂತ ಅಲ್ಲಿಗೆ ಹೋಗೋದು ಬಿಟ್ಟೆ. ಈಗ ನೀನೂ ಶುರು ಮಾಡಿದ್ಯಾ?"

ಅವರು ಕೊಡೆ ಕುಟ್ಟುತ್ತಾ ಹೋದರು. ಹಿಂದಿದ್ದ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಎರಡು ವರ್ಷ, ವಾರಕ್ಕೆ ಏಳು. ಅಕ್ಕ ಮನಸ್ಸಿನಲ್ಲೇ ಗುಣಿಸಲು ಹೋಗಿ ಬಿಟ್ಟಳು.

ಮರುದಿನ ನಾಲ್ಕು ಗಂಟೆಗೆ ಅವಳು ದರ್ಜಿಯ ಅಂಗಡಿಗೆ ಹೋದಳು. ಅವನು ಹೊಲಿಗೆ ಯಂತ್ರದ ಮುಂದೆ ಕೂತಿದ್ದ, ತೊಡೆಯ ಮೇಲೆ ತೋಳಿಲ್ಲದ ಒಂದು ಕೋಟು. ಯಂತ್ರ ನಡೆಯುತ್ತಿರಲಿಲ್ಲ. ಮುಗಿಯದ ಕೋಟುಗಳಲ್ಲಿ ಎಂಟನ್ನು ವಕೀಲರು ಹಾಗೇ ವಾಪಸು ಒಯ್ದಿದ್ದರು. "ಆರೋಗ್ಯ ಮೊದಲು ಮಾಸ್ಟರ್, ನೀವು ರೆಸ್ಟ್ ತಗೊಳ್ಳಿ" ಎಂದು ತುಂಬ ಮೃದುವಾಗಿ ಹೇಳಿ ಒಯ್ದಿದ್ದರು.

ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಚೀಲ.

"ಒಳ್ಳೇ ಹೊತ್ತಿಗೆ ಬಂದ್ರಿ ಅತ್ತಿಗೆ. ಬನ್ನಿ ನನ್ನ ಜೊತೆ. ಔಷಧಿ ಭಾಷೆ ನಿಮಗೆ ಗೊತ್ತು, ನನಗೆ ಬರೀ ಬೈಯೋಕೆ ಬರುತ್ತೆ."

"ಎಲ್ಲಿಗೆ?"

"ಇನ್ನೆಲ್ಲಿಗೆ? ಆ ಹುಡುಗಿ ಅಂಗಡಿಗೆ. ಹತ್ತು ಜನರ ಮುಂದೆ ಕೇಳ್ತೀನಿ. ಯಾರನ್ನ ಕೇಳಿ ಕೊಟ್ಟೆ ಅಂತ ಕೇಳ್ತೀನಿ. ಇವರು ಬೇಡ ಅಂತಾರೆ. ಇವರಿಗೇನು, ಕಳ್ಳನ ಹಾಗೆ ಜೇಬಲ್ಲಿ ಕಾಯಿಲೆ ಇಟ್ಕೊಂಡು ಓಡಾಡಿದೋರು. ಊರೋರ ಮುಂದೆ ನಗ್ತಾ ನಿಲ್ಲಬೇಕಾದೋಳು ನಾನು."

"ಬಿಡು," ಎಂದಳು ಅಕ್ಕ. "ಆಗಿದ್ದು ಆಗಿಹೋಯ್ತು."

"ನೀವೂ ಹೀಗಂದ್ರೆ ಹೇಗೆ? ನಿಮ್ಮ ತಮ್ಮನ ಕಣ್ಣು ಅತ್ತಿಗೆ! ನೀವು ಇಪ್ಪತ್ತಾರು ವರ್ಷದಲ್ಲಿ ಒಬ್ಬರಿಗಾದ್ರೂ ಹೀಗೆ ಮಾಡಿದ್ದೀರಾ?"

ಅಕ್ಕ ದರ್ಜಿಯ ಕಡೆ ನೋಡಿದಳು. ದರ್ಜಿ ಕೋಟಿನ ಅಂಚನ್ನು ಬೆರಳಲ್ಲಿ ಸವರುತ್ತಿದ್ದ. ಹೆಂಡತಿ ಇಬ್ಬರನ್ನೂ ನೋಡಿ, "ಒಂದೇ ಬಸಿರಲ್ಲಿ ಹುಟ್ಟಿದೋರಲ್ವಾ, ಮೌನ ಮಾತ್ರ ಚೆನ್ನಾಗಿ ಬರುತ್ತೆ" ಎಂದು ಮೆಟ್ಟಿಲಿಳಿದಳು. ಪಕ್ಕದ ಇಸ್ತ್ರಿ ಅಂಗಡಿಯವಳು ಎಲ್ಲಿಗೆ ಎಂದು ಕೇಳಿದ್ದೂ, ಇವಳು ಜೋರಾಗಿ ಉತ್ತರ ಕೊಟ್ಟದ್ದೂ ಒಳಗೆ ಕೇಳಿಸಿತು.

"ಯಾಕೋ ಹಾಗೆ ಹೇಳ್ದೆ ಅವತ್ತು?" ಎಂದಳು ಅಕ್ಕ, ದನಿ ತಗ್ಗಿಸಿ. "ನಾನು ಕೇಳಿಕೊಂಡಿದ್ನಾ?"

"ಇಲ್ಲ."

"ಮತ್ತೆ? ಪಾಪ, ಆ ಹುಡುಗಿ ಹೆಸರು ಯಾಕೆ ಬೇಕಿತ್ತು?"

"ನನಗೆ ಗೊತ್ತಿರೋದೇ ಎರಡು ಔಷಧಿ ಅಂಗಡಿ. ಒಂದು ನಿಂದು." ಅವನು ಕೋಟನ್ನು ತೊಡೆಯ ಮೇಲೆ ಮಡಿಸಿದ. "ಕಣ್ಣಿನ ಡ್ರಾಪ್ಸ್ ಅವಳ ಹತ್ರಾನೇ ತಗೊಳ್ತಿದ್ದೆ. ಹನ್ನೊಂದು ತಿಂಗಳು. ನಿನ್ನ ಹತ್ರ ತಗೊಂಡ್ರೆ ಡಬ್ಬಿ ನೋಡಿದ ತಕ್ಷಣ ನಿನಗೆ ಗೊತ್ತಾಗ್ತಿತ್ತು."

ಗೊತ್ತಾಗುತ್ತಿತ್ತು. ಆ ಹನಿಯ ಡಬ್ಬಿಯನ್ನು ಅಕ್ಕ ತಿಂಗಳಿಗೆ ಹತ್ತು ಜನಕ್ಕೆ ಕೊಡುತ್ತಿದ್ದಳು.

"ಮೊದಲನೇ ದಿನಾನೇ ಅವಳು ಹೇಳಿದ್ಲು," ಎಂದ ದರ್ಜಿ. "ನೆಗಡಿ ಮಾತ್ರೆ, ನಿದ್ದೆ ಮಾತ್ರೆ, ಏನೇ ತಗೊಂಡ್ರೂ ಕಣ್ಣಿನ ಡಾಕ್ಟರನ್ನ ಕೇಳಿ ತಗೊಳ್ಳಿ ಅಂತ. ಎರಡು ಸಲ ಹೇಳಿದ್ಲು. ನೋಟ್‌ಬುಕ್ಕಲ್ಲಿ ಬರೆದು ನನ್ನ ಸಹೀನೂ ಹಾಕಿಸ್ಕೊಂಡ್ಲು."

"ಮತ್ತೆ ಯಾಕೋ ನುಂಗಿದೆ?" ಅಕ್ಕನ ದನಿ ಜೋರಾಯಿತು. ಸಿಟ್ಟೋ ಇನ್ನೊಂದೋ ಅವಳಿಗೇ ತಿಳಿಯಲಿಲ್ಲ. "ಅಷ್ಟೆಲ್ಲ ಗೊತ್ತಿದ್ದೂ ನನ್ನ ಮುಂದೆ ನಿಂತು ಹಲ್ಲು ಕಿರಿದೆಯಲ್ಲೋ. ಒಂದು ಮಾತು, ಕಣ್ಣು ಅಂತ ಒಂದೇ ಒಂದು ಮಾತು ಅಂದಿದ್ರೆ!"

"ಕೇಳ್ದೆನಲ್ಲ. ಬೇರೆ ಏನಕ್ಕೂ ತೊಂದರೆ ಇಲ್ಲ ತಾನೆ ಅಂತ."

"ಹಾಗೆ ಕೇಳಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಬೇರೆ ಯಾರಾದ್ರೂ ಕೊಟ್ಟಿದ್ರೆ ನುಂಗ್ತಿರಲಿಲ್ಲ ಕಣೆ," ಎಂದ ಅವನು. ದನಿಯಲ್ಲಿ ದೂರು ಇರಲಿಲ್ಲ. ಕೋಟಿನ ಅಳತೆ ಹೇಳುವಾಗಿನ ದನಿ. "ನೀನು ಕೊಟ್ಟಿದ್ದು, ಅದಕ್ಕೇ ನುಂಗಿದೆ."

ಅಕ್ಕ ಬಾಗಿಲಿಗೆ ಹೋಗಿ ನಿಂತಳು. ಆ ಹುಡುಗಿ ಜಗಳವಾಡುವುದಿಲ್ಲ. ನೋಟ್‌ಬುಕ್ಕು ತೆಗೆದು, ಪುಟ ತಿರುವಿ, ಬೆರಳಿಟ್ಟು ತೋರಿಸುತ್ತಾಳೆ. ಹನಿ ಕೊಟ್ಟ ದಿನಗಳೆಲ್ಲ ಅದರಲ್ಲಿರುತ್ತವೆ. ನೆಗಡಿ ಮಾತ್ರೆ ಒಂದು ದಿನವೂ ಇರುವುದಿಲ್ಲ.

"ಅವಳು ಬರೆದಿಟ್ಟಿರ್ತಾಳೆ," ಎಂದಳು.

"ಹೂಂ," ಎಂದ ದರ್ಜಿ.

ಅವನ ಕುರ್ಚಿಯ ಎಡಕ್ಕೆ ಬೀದಿ. ಅವನು ತಲೆ ತಿರುಗಿಸಲಿಲ್ಲ.

"ಹೋದಳಾ?"

ಅವಳು ಇನ್ನೂ ರಸ್ತೆ ದಾಟಿರಲಿಲ್ಲ. ಇಟ್ಟಿಗೆ ತುಂಬಿದ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಅದು ಸರಿಯುವವರೆಗೆ ಚೀಲವನ್ನು ಎದೆಗವಚಿಕೊಂಡು ಅಂಚಿನಲ್ಲಿ ನಿಂತಿದ್ದಳು. ಕೂಗಿದರೆ ಕೇಳಿಸುವಷ್ಟು ಹತ್ತಿರ.

"ನಿಂತಿದ್ದಾಳೆ," ಎಂದಳು ಅಕ್ಕ.

ದರ್ಜಿ ಏನೂ ಹೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಲಾರಿ ಗೇರು ಬದಲಿಸಿ ಮುಂದೆ ಹೋಯಿತು.

"ಈಗ?"

"ದಾಟಿದ್ಲು."

ಮಾರುಕಟ್ಟೆಯ ಹಿಂದಿನ ಬೀದಿಗೆ ನಡೆದರೆ ಆರು ನಿಮಿಷ. ಅಲ್ಲಿಂದ ವಾಪಸು ಬರಲು ಆರು. ದರ್ಜಿ ಕಾಲಿನಿಂದ ಯಂತ್ರದ ಕೆಳಗಿದ್ದ ಸ್ಟೂಲನ್ನು ಅವಳ ಕಡೆಗೆ ತಳ್ಳಿದ. ಅಕ್ಕ ಅದನ್ನೆತ್ತಿಕೊಂಡು ಅವನ ಎಡಗಡೆಗೆ ಹಾಕಿ ಕೂತಳು.